ಕೌದಿಗೆ ಕಚ್ಚಾ ಹೊಲಿಗೆ ಬದಲು ಅಂಟು: ಆಗುತ್ತೆ, ಆದರೆ ನಿಮ್ಮ ಮನೆಯಲ್ಲಿರುವ ಅಂಟಲ್ಲ

ಕೌದಿಯ ಮೂರು ಪದರ ಜರುಗದ ಹಾಗೆ ತಾತ್ಕಾಲಿಕವಾಗಿ ಕಚ್ಚಾ ಹೊಲಿಗೆ ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತೆ, ಬದಲಿಗೆ ತೊಳೆದರೆ ಹೋಗುವ ಅಂಟು ಹಚ್ಚಬಹುದಾ, ಮನೆಯಲ್ಲಿರುವ ಬಿಳಿ ಅಂಟು ಸಾಕಾ ಅಂತ ಕೇಳಿದ್ದೀರಿ. ಮನೆಯಲ್ಲಿರೋದನ್ನು ದಯವಿಟ್ಟು ಮುಟ್ಟಬೇಡಿ. ನಾನು ಮುಟ್ಟಿ ಒಂದು ದೊಡ್ಡ ಆರ್ಡರ್ ಕಳೆದುಕೊಂಡಿದ್ದೇನೆ.

ನಾನು ಹಾಸನದಲ್ಲಿ ಮನೆಯಲ್ಲೇ ಹೊಲಿಯುವವಳು. ಬ್ಲೌಸ್, ಫಾಲ್ಸ್, ಜೂನ್ ಬಂದರೆ ಶಾಲೆ ಯೂನಿಫಾರಂ. ಕೌದಿ ನನ್ನ ಕಸುಬಲ್ಲ, ಮನೆಮಟ್ಟಿಗೆ ಹೊಲಿದುಕೊಳ್ಳುತ್ತಿದ್ದೆ ಅಷ್ಟೇ. ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯವರು ಅದನ್ನು ನೋಡಿ, ಪ್ರತಿ ಮಂಚಕ್ಕೂ ಒಂದೊಂದು ಬೇಕು, ಬೆಂಗಳೂರಿನಿಂದ ಬರುವವರಿಗೆ ಇಂಥದ್ದೇ ಇಷ್ಟ ಅಂದರು. ಬಟ್ಟೆ ಅವರದೇ. ತೀರಿಹೋದ ಅತ್ತೆಯ ಕಾಟನ್ ಸೀರೆಗಳು, ಉಟ್ಟು ಉಟ್ಟು ಮೆತ್ತಗಾಗಿದ್ದವು. ಕೈಹೊಲಿಗೆಗೆ ಟೈಮ್ ಇಲ್ಲ, ಮೆಷಿನ್‌ನಲ್ಲೇ ಹೊಲಿಯುತ್ತೇನೆ ಅಂತ ಒಪ್ಪಿಕೊಂಡೆ.

ಅಷ್ಟರಲ್ಲಿ ಮಗಳು ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ತೋರಿಸಿದಳು. ಅಮೆರಿಕದ ಹೆಂಗಸೊಬ್ಬರು ಬಟ್ಟೆ ಮೇಲೆ ಅಂಟಿನ ಸಣ್ಣ ಚುಕ್ಕಿ ಇಟ್ಟು, ಮೇಲೊಂದು ಪದರ ಹಾಸಿ, ಇಸ್ತ್ರಿ ಒತ್ತಿ, ಸೀದಾ ಮೆಷಿನ್‌ಗೆ ಕೊಟ್ಟರು. ಕಚ್ಚಾ ಇಲ್ಲ, ಪಿನ್ನಿಲ್ಲ. ಕೊನೆಗೆ ಒಂದು ಸಲ ಒಗೆದರು, ಅಂಟು ಮಾಯ. ನಮ್ಮನೆಯಲ್ಲಿ ಬಾಗಿಲ ಪ್ಲೈವುಡ್ ಅಂಟಿಸಲು ತಂದ ಬಿಳಿ ಅಂಟಿನ ಡಬ್ಬ ಅರ್ಧ ಉಳಿದಿತ್ತು. ಅದೂ ಬಿಳಿ, ಇದೂ ಬಿಳಿ.

ಸುಮ್ನೆ ಹಚ್ಚಿಬಿಟ್ಟೆ ಅಂದುಕೊಳ್ಳಬೇಡಿ, ಟೆಸ್ಟ್ ಮಾಡಿಯೇ ಹಚ್ಚಿದೆ. ಟೆಸ್ಟ್ ಮಾಡಿದ ರೀತಿಯೇ ತಪ್ಪು. ಒಂದು ಚೂರು ಬಟ್ಟೆಗೆ ಅಂಟು ಸವರಿ ನಲ್ಲಿ ಕೆಳಗೆ ಹಿಡಿದೆ. ಹಾಲು ಹಾಲಾಗಿ ಹರಿದುಹೋಯಿತು, ಬಟ್ಟೆ ಚೊಕ್ಕಟ. ಕೈಗೆ ಮೆತ್ತಿದ್ದೂ ಸೋಪಿಲ್ಲದೆ ಹೋಯಿತು. ಸರಿ, ತೊಳೆದರೆ ಹೋಗುತ್ತೆ ಅಂತ ತೀರ್ಮಾನಿಸಿದೆ. ಆದರೆ ನಾನು ತೊಳೆದದ್ದು ಹಸಿ ಅಂಟನ್ನು. ಒಣಗಿಸಿ, ಇಸ್ತ್ರಿ ಒತ್ತಿ, ಒಂದೆರಡು ದಿನ ಬಿಟ್ಟು ತೊಳೆದಿದ್ದರೆ ಆ ಚೂರು ಬಟ್ಟೆಯೇ ಎಲ್ಲ ಹೇಳುತ್ತಿತ್ತು. ಮರಗೆಲಸದ ಬಿಳಿ ಅಂಟು ಅಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಕಣ. ಪಿವಿಎ ಅಂತಾರೆ ಅದಕ್ಕೆ. ಹಸಿ ಇರುವವರೆಗೆ ನೀರು ಹಾಕಿದರೆ ಕಣಗಳು ನೀರಿನ ಜೊತೆ ಹೋಗುತ್ತವೆ. ನೀರು ಆರಿದ ಮೇಲೆ ಆ ಕಣಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಹಾಳೆಯಾಗುತ್ತವೆ. ಆಮೇಲೆ ನೀರು ಹಾಕಿದರೆ ಮೆತ್ತಗಾಗಬಹುದು, ಬೆಳ್ಳಗಾಗಬಹುದು, ಕರಗಿ ಹೋಗುವುದಿಲ್ಲ. ಬಿಸಿ ಇಸ್ತ್ರಿ ಆ ಕೆಲಸವನ್ನು ಇನ್ನೂ ಬೇಗ ಮುಗಿಸಿಕೊಡುತ್ತೆ. ಅಂದರೆ ನಾನೇ ನಿಂತು ಒತ್ತಿ ಒತ್ತಿ ಅದನ್ನು ಗಟ್ಟಿ ಮಾಡಿದ್ದೆ.

ಹೊಲಿಯುವಾಗಲೇ ಸುಳಿವು ಸಿಕ್ಕಿತ್ತು. ಅಂಟಿನ ಚುಕ್ಕಿ ಬಂದ ಕಡೆಯೆಲ್ಲ ಸೂಜಿ ಟಕ್ ಅನ್ನುತ್ತಿತ್ತು, ಹೊಲಿಗೆ ಬಿಡುತ್ತಿತ್ತು, ದಾರ ಎಳೆ ಎಳೆಯಾಗಿ ತುಂಡಾಗುತ್ತಿತ್ತು. ಸೂಜಿ ತೆಗೆದು ನೋಡಿದರೆ ಕಣ್ಣಿನ ಹತ್ತಿರ ಒಂದು ಸಣ್ಣ ಉಂಡೆ. ಸೂಜಿ ಮೊಂಡಾಗಿದೆ ಅಂದುಕೊಂಡು ಹೊಸದು ಹಾಕಿ ಓಡಿಸಿದೆ!

ಒಗೆದಾಗ ಪುನರ್ವಸು ಮಳೆ ಹಿಡಿದಿತ್ತು. ಚುಕ್ಕಿಗಳು ಬೆಳ್ಳಗೆ ಉಬ್ಬಿಕೊಂಡವು. ಒಣಗಿದ ಮೇಲೆ ಮತ್ತೆ ಬಿಗಿದುಕೊಂಡು, ಕೈಯಾಡಿಸಿದರೆ ಬಟ್ಟೆ ಒಳಗೆ ಅಂಗಿ ಗುಂಡಿ ಇಟ್ಟು ಹೊಲಿದ ಹಾಗೆ. ಹೋಗಲಿ ಅಂತ ಬಿಸಿನೀರಲ್ಲಿ ನೆನೆಹಾಕಿದೆ. ಅಂಟು ಹೋಗಲಿಲ್ಲ, ಕೆಂಪು ಸೀರೆಯ ಬಣ್ಣ ಬಿಟ್ಟು ಪಕ್ಕದ ಬಿಳಿ ಚೂರೆಲ್ಲ ರೋಸ್ ಆಯಿತು. ಹೋಂಸ್ಟೇ ಅಮ್ಮ ಬಂದು ನೋಡಿ, "ಪರವಾಗಿಲ್ಲ ಬಿಡಿ ಅಕ್ಕಾ" ಅಂದರು. ಮತ್ತೆ ಫೋನ್ ಮಾಡಲಿಲ್ಲ. ಹೊಲಿಗೆ ದುಡ್ಡು ನಾನು ಕೇಳಲಿಲ್ಲ. ಬೇರೆ ಬಟ್ಟೆಯಾಗಿದ್ದರೆ ಹೊಸದು ತಂದು ಹೊಲಿದುಕೊಡುತ್ತಿದ್ದೆ, ಆ ಸೀರೆಗಳನ್ನು ಎಲ್ಲಿಂದ ತರಲಿ?

ಆಮೇಲೆ ಅದೇ ವಿಡಿಯೋ ನಿಧಾನವಾಗಿ ನೋಡಿದೆ. ಅವರ ಕೈಯಲ್ಲಿದ್ದದ್ದು ಎಲ್ಮರ್ಸ್ ಅನ್ನುವ ಕಂಪನಿಯ ವಾಷಬಲ್ ಸ್ಕೂಲ್ ಗ್ಲೂ. ಮಕ್ಕಳು ಯೂನಿಫಾರಂಗೆ ಮೆತ್ತಿಕೊಂಡರೂ ಒಗೆದರೆ ಹೋಗಲಿ ಅಂತಲೇ ಮಾಡಿದ್ದು. ಒಣಗಿದ ಮೇಲೂ ನೀರಿಗೆ ಬಿಡುತ್ತೆ. ಅದೇ ಕಂಪನಿ ಗ್ಲೂ ಆಲ್ ಅಂತ ಇನ್ನೊಂದು ಬಿಳಿ ಅಂಟು ಮಾರುತ್ತೆ, ಅದು ಒಗೆದರೆ ಹೋಗುವಂಥದ್ದಲ್ಲ. ಬಾಟಲಿ ನೋಡೋಕೆ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಅಂಗಡಿಯಲ್ಲಿ ಬಣ್ಣ ನೋಡಬೇಡಿ, "ವಾಷಬಲ್" ಅಂತ ಬರೆದಿದೆಯಾ ನೋಡಿ. ಬರೆದಿದ್ದರೂ ಒಣಗಿಸಿದ ಚೂರನ್ನೇ ತೊಳೆದು ನೋಡಿ.

ಹಚ್ಚೋದಾದರೆ ಬಟ್ಟೆಗಳನ್ನು ಮೊದಲೇ ಒಂದು ಸಲ ಒಗೆದುಬಿಡಿ. ಅಂಟು ಹಚ್ಚಿದ ಕೌದಿಯನ್ನು ಒಗೆಯಲೇಬೇಕಲ್ಲ, ಬಣ್ಣ ಬಿಡೋದು, ಕುಗ್ಗೋದು ಎಲ್ಲ ಮೊದಲೇ ಆಗಿಹೋಗಲಿ. ಮುಷ್ಟಿಯಗಲಕ್ಕೊಂದು ಚುಕ್ಕಿ ಸಾಕು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಮೇಲ್ಬಟ್ಟೆಗೂ ನಡುವಿನ ಹತ್ತಿಗೂ ಮಧ್ಯೆ ಒಂದು ಸಲ, ಹತ್ತಿಗೂ ಅಡಿಬಟ್ಟೆಗೂ ಮಧ್ಯೆ ಇನ್ನೊಂದು ಸಲ. ಹಬೆ ಇಲ್ಲದ ಒಣ ಇಸ್ತ್ರಿ ಒತ್ತಿ. ಹಸಿ ಇರುವಾಗ ಹೊಲಿದರೆ ಸೂಜಿ ಅಂಟಂಟಾಗುತ್ತೆ. ಹೊಲಿದು ಮುಗಿದ ಕೂಡಲೇ ತಣ್ಣೀರಲ್ಲಿ ಚೆನ್ನಾಗಿ ಜಾಲಾಡಿ. ನಮ್ಮ ಕಡೆ ಮಳೆಗಾಲದಲ್ಲಿ ಅಂಟು ಹಚ್ಚಿದ್ದನ್ನು ನಾಳೆ ಹೊಲಿಯೋಣ ಅಂತ ಮಡಚಿಟ್ಟರೆ ಬೂಷ್ಟು ಗ್ಯಾರಂಟಿ. ಮೈದಾ ಅಂಟು ಕಾಯಿಸಿ ಹಚ್ಚಿ ಅಂತಲೂ ಯಾರಾದರೂ ಹೇಳುತ್ತಾರೆ. ಒಗೆದರೆ ಹೋಗೋದು ನಿಜ, ಆದರೆ ಒಗೆಯುವ ಮೊದಲೇ ಜಿರಲೆಗೆ ಹಬ್ಬ.

ಇಷ್ಟು ಹೇಳಿದರೂ ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿ ಹೊಲಿಯುವ ಕೌದಿಗೆ ಅಂಟೇ ಬೇಡ. ಒಣಗಿದ ಚುಕ್ಕಿಯೊಳಗೆ ಕೈಸೂಜಿ ತೂರಿಸಿ ನೋಡಿ, ಹೆಬ್ಬೆರಳು ಮಾತಾಡುತ್ತೆ. ಕಚ್ಚಾ ಇಲ್ಲದೆ ಕೌದಿ ಆಗಲ್ಲ ಅನ್ನೋದೂ ನಿಜವಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿದ್ದೀರಾ? ಅಡಿಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಚೂರುಗಳ ಅಂಚು ಮಡಚಿ ಇಡುತ್ತಾ, ಅಂಚಿನ ಸುತ್ತ ಹೊಲಿಗೆ ಹಾಕಿಕೊಂಡು ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಹೊಲಿದ ಭಾಗವೇ ಮುಂದಿನದನ್ನು ಹಿಡಿದುಕೊಳ್ಳುತ್ತೆ. ಮೂಲೆಗಳಿಗೆ ಬಟ್ಟೆಯ ಹೂವನ್ನೂ ಇಡುತ್ತಾರೆ. ನಾನೀಗ ಮನೆಗೆ ಹೊಲಿಯೋದು ಇದೇ ಕ್ರಮದಲ್ಲಿ. ಮೆಷಿನ್ ಕೌದಿಗೆ ಮಾತ್ರ ಕಚ್ಚಾನೋ ಅಂಟೋ ಏನಾದರೂ ಬೇಕು, ಇಲ್ಲದಿದ್ದರೆ ಅಡಿಬಟ್ಟೆ ನೆರಿಗೆ ಬೀಳುತ್ತೆ. ಸೇಫ್ಟಿ ಪಿನ್ ಹಾಕಬಹುದು, ಮಳೆಗಾಲದಲ್ಲಿ ಹಾಗೇ ಬಿಟ್ಟರೆ ತುಕ್ಕಿನ ಕಲೆ.

ನಿಮ್ಮ ಬಟ್ಟೆ ಯಾವುದು ಅಂತ ಬರೆದಿಲ್ಲ. ರೇಷ್ಮೆ ಚೂರು ಒಂದಿದ್ದರೂ ಅಂಟಿನ ಯೋಚನೆ ಬಿಡಿ, ಅದನ್ನು ಹಾಗೆ ನೆನೆಸಿ ಜಾಲಾಡೋಕಾಗಲ್ಲ. ಇನ್ನು ಸೊಂಟ. ನೆಲದ ಮೇಲೆ ಬಗ್ಗಿ ಯಾಕೆ ಹಾಕುತ್ತೀರಿ? ಊಟದ ಟೇಬಲ್ ಮೇಲೆ ಅಡಿಬಟ್ಟೆ ಹಾಸಿ, ಅಂಚಿಗೆ ದೊಡ್ಡ ಕ್ಲಿಪ್ ಹಾಕಿ ಬಿಗಿ ಮಾಡಿ, ಉಳಿದೆರಡು ಪದರ ಮೇಲೆ ಹರಡಿ, ಕುರ್ಚಿ ಎಳೆದುಕೊಂಡು ಉದ್ದುದ್ದ ಕಚ್ಚಾ ಹಾಕಿ. ಟೇಬಲ್‌ನಷ್ಟು ಭಾಗ ಮುಗಿದರೆ ಕ್ಲಿಪ್ ಬಿಚ್ಚಿ ಮುಂದಕ್ಕೆ ಸರಿಸಿ. ಕ್ಲಿಪ್ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತೆ, ಕಾಗದದ ಕಟ್ಟಿಗೆ ಹಾಕುವ ಕಪ್ಪು ಕ್ಲಿಪ್ಪು, ದೊಡ್ಡ ಸೈಜ್ ಕೇಳಿ.