ಮಗಳನ್ನು ಮೊದಲು ಯಾವ ಕಲಾ ಸಂಗ್ರಹಾಲಯಕ್ಕೆ ಕರೆದೊಯ್ಯಬೇಕು?

ನಮಸ್ಕಾರ. ಚಿತ್ರ ಬಿಡಿಸುವ ಹುಚ್ಚಿರುವ ಒಂಬತ್ತು ವರ್ಷದ ಮಗಳನ್ನು ನೇರವಾಗಿ ಕಾರ್ಯಾಗಾರಕ್ಕೆ ಸೇರಿಸಬೇಕೇ, ಬೆಂಗಳೂರಿನ ಯಾವ ಸಂಗ್ರಹಾಲಯದಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಮೊದಲು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿನ ತೊಗಲುಗೊಂಬೆಗಳ ಮುಂದೆ ಅವಸರ ಮಾಡಬೇಡಿ. ಹದ ಮಾಡಿದ ತೆಳು ಚರ್ಮದಲ್ಲಿ ಒಡವೆ, ಸೆರಗಿನ ಅಂಚುಗಳನ್ನು ಸಣ್ಣ ಸಣ್ಣ ರಂಧ್ರಗಳಿಂದಲೇ ಮೂಡಿಸಿರುವುದನ್ನೂ, ಹಿಂದಿನಿಂದ ದೀಪ ಹಿಡಿದಾಗ ಬೆಳಕು ಆ ರಂಧ್ರಗಳ ಮೂಲಕ ತೂರಿ ಪರದೆಯ ಮೇಲೆ ಆಭರಣವಾಗಿ ಹೊಳೆಯುವ ಬಗೆಯನ್ನೂ ನೀವೇ ವಿವರಿಸಿದರೆ, ಮನೆಗೆ ಬಂದ ಮೇಲೆ ರಟ್ಟು, ದಬ್ಬಣ, ಟಾರ್ಚು ಹಿಡಿದು ಅವಳೇ ಪ್ರಯೋಗಕ್ಕೆ ಇಳಿದಾಳು.

ಜನವರಿಯಲ್ಲಿ ಅದೇ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಬೇರೆ ಬೇರೆ ರಾಜ್ಯಗಳ ಕಲಾವಿದರೊಡನೆ ನೇರವಾಗಿ ಮಾತನಾಡಬಹುದು. ಆದರೆ ಬೆಳಿಗ್ಗೆ ಬೇಗ ಹೋಗಿ. ಆಮೇಲಿನ ಜಂಗುಳಿಯಲ್ಲಿ ಮಕ್ಕಳಿಗೆ ಚಿತ್ರಗಳಿಗಿಂತ ದೊಡ್ಡವರ ಬೆನ್ನುಗಳೇ ಹೆಚ್ಚು ಕಾಣುತ್ತವೆ.

ಕಾರ್ಯಾಗಾರಗಳ ವಿಷಯಕ್ಕೆ ಬಂದರೆ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಹಾಗೂ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಎರಡೂ ಮಕ್ಕಳಿಗಾಗಿ ಇಂಥವನ್ನು ನಡೆಸುತ್ತವೆ. ನೋಂದಾಯಿಸುವ ಮೊದಲು ವಯೋಮಿತಿಯನ್ನೂ ಕಲಿಸುವ ಭಾಷೆಯನ್ನೂ ವಿಚಾರಿಸಿಕೊಳ್ಳಿ. ಎರಡಕ್ಕೂ ಸೋಮವಾರ ರಜೆ.