ತೋಟ ಚೆನ್ನಾಗಿದೆ, ಚೇಣಿ ದರ ಎಷ್ಟು?

ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಬರೆದಿದ್ದಾರೆ: "ಠೇವಣಿಯೊಂದು ಮುಗಿದು 8 ಲಕ್ಷ ರೂಪಾಯಿ ಕೈಗೆ ಬಂದಿದೆ. ಅಷ್ಟನ್ನೂ ಅಮೆರಿಕದ ಎನ್‌ವಿಡಿಯಾ ಷೇರಿಗೆ ಹಾಕಿ ಎಂದು ಬೆಂಗಳೂರಿನಲ್ಲಿರುವ ಅಳಿಯ ಹೇಳುತ್ತಾರೆ. ಜಗತ್ತಿನ ಎಐ ಎಲ್ಲವೂ ಆ ಕಂಪನಿಯ ಚಿಪ್ಪಿನ ಮೇಲೆಯೇ ನಡೆಯುತ್ತಿದೆಯಂತೆ. 1993ರಲ್ಲಿ ಇನ್ಫೊಸಿಸ್ ಕೊಳ್ಳದೆ ಆಮೇಲೆ ಕೈ ಹಿಸುಕಿಕೊಂಡವರಲ್ಲಿ ನಾನೂ ಒಬ್ಬ. ನನಗೆ ಪಿಂಚಣಿ ಇದೆ, ಒಂದೂವರೆ ಎಕರೆ ಅಡಿಕೆ ತೋಟವಿದೆ, ಅದನ್ನು ಈ ವರ್ಷ ಚೇಣಿಗೆ (ಮರದ ಮೇಲಿನ ಫಸಲಿನ ಗುತ್ತಿಗೆಗೆ) ಕೊಟ್ಟಿದ್ದೇನೆ. ಎರಡು ವರ್ಷದೊಳಗೆ ಕಿರಿಯ ಮಗಳ ಮದುವೆ ಮಾಡಬೇಕು. ಇಷ್ಟು ದೊಡ್ಡ ಕಂಪನಿ ಮುಳುಗುವುದುಂಟೇ? ಈಗಲಾದರೂ ಕೊಳ್ಳಲೇ?"

ಮೇಷ್ಟ್ರೇ,

ಕಂಪನಿ ಮುಳುಗುವ ಲಕ್ಷಣ ನನಗೆ ಕಾಣುತ್ತಿಲ್ಲ. ಆದರೂ 8 ಲಕ್ಷವನ್ನು ಅದಕ್ಕೆ ಹಾಕಬೇಡಿ. ಈ ಎರಡು ಮಾತು ಹೇಗೆ ಹೊಂದುತ್ತವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಚೇಣಿದಾರ ನಿಮ್ಮ ತೋಟಕ್ಕೆ ಬಂದಾಗ ಮಾಡಿದ್ದನ್ನು ನೆನೆಸಿಕೊಳ್ಳಿ. ಮರದ ಮೇಲಿನ ಗೊನೆ ನೋಡಿದ, ಮಳೆಗಾಲದಲ್ಲಿ ಕೊಳೆ ರೋಗ ಬಂದರೆ ಎಷ್ಟು ಉದುರೀತು ಎಂದು ಮನಸ್ಸಿನಲ್ಲೇ ಕಳೆದ, ಆಮೇಲೆ ದರ ಹೇಳಿದ. ತೋಟ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕೇಳಿದಷ್ಟು ಕೊಟ್ಟು ಹೋಗಲಿಲ್ಲ. ಷೇರು ಕೊಳ್ಳುವವನೂ ಇನ್ನೂ ಮರದ ಮೇಲಿರುವ ಫಸಲಿಗೆ ಇವತ್ತೇ ದುಡ್ಡು ಕೊಡುತ್ತಾನೆ. ನಿಮ್ಮ ಅಳಿಯ ತೋಟ ಹೇಗಿದೆ ಎಂದು ಹೇಳಿದ್ದಾರೆ. ದರದ ಮಾತು ಪತ್ರದಲ್ಲಿ ಎಲ್ಲಿಯೂ ಇಲ್ಲ.

ತೋಟದ ವಿಷಯದಲ್ಲಿ ಅವರು ಹೇಳಿದ್ದು ಸರಿ. 2023ರ ಜನವರಿಗೆ ಮುಗಿದ ವರ್ಷದಲ್ಲಿ ಎನ್‌ವಿಡಿಯಾದ ವರಮಾನ ಸುಮಾರು 2,700 ಕೋಟಿ ಡಾಲರ್. ಎರಡೇ ವರ್ಷದಲ್ಲಿ, ಅಂದರೆ 2025ರ ಜನವರಿಗೆ, ಅದು 13,050 ಕೋಟಿ ಡಾಲರ್ ಆಯಿತು. ನಿವ್ವಳ ಲಾಭ 437 ಕೋಟಿಯಿಂದ ಸುಮಾರು 7,300 ಕೋಟಿ ಡಾಲರ್‌ಗೆ ಹೋಯಿತು. ಚಿಪ್ಪಿನ ವೇಗ ಒಂದೇ ಇದಕ್ಕೆ ಕಾರಣವಲ್ಲ. 2006ರಿಂದ ಕಂಪನಿ ಬೆಳೆಸಿಕೊಂಡು ಬಂದ ಕುಡಾ ಎಂಬ ತಂತ್ರಾಂಶದ ಮೇಲೆ ಒಂದು ತಲೆಮಾರಿನ ಎಂಜಿನಿಯರುಗಳು ಕೆಲಸ ಕಲಿತಿದ್ದಾರೆ. ಇಪ್ಪತ್ತು ವರ್ಷದ ಲೆಕ್ಕವಿರುವ ಮಂಡಿಯನ್ನು ಬಿಟ್ಟು, ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚು ಸಿಗುತ್ತದೆಂದು ಪಕ್ಕದ ಮಂಡಿಗೆ ಹೋಗುವುದು ಎಷ್ಟು ಕಷ್ಟವೋ, ಅವರಿಗೆ ಇದನ್ನು ಬಿಡುವುದೂ ಅಷ್ಟೇ ಕಷ್ಟ.

ಈಗ ದರಕ್ಕೆ ಬರೋಣ. ಒಂದು ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. 2025ರ ಜುಲೈನಲ್ಲಿ ಈ ಕಂಪನಿಯ ಮಾರುಕಟ್ಟೆ ಮೌಲ್ಯ, ಅಂದರೆ ಅದರ ಎಲ್ಲ ಷೇರುಗಳ ಒಟ್ಟು ಬೆಲೆ, 4 ಲಕ್ಷ ಕೋಟಿ ಡಾಲರ್ ಮುಟ್ಟಿತು. ಜಗತ್ತಿನಲ್ಲಿ ಬೇರೆ ಯಾವ ಕಂಪನಿಯೂ ಅದಕ್ಕೆ ಮೊದಲು ಅಲ್ಲಿಗೆ ತಲುಪಿರಲಿಲ್ಲ. ಹಿಂದಿನ ಪೂರ್ಣ ವರ್ಷದ ಲಾಭದಿಂದ ಭಾಗಿಸಿದರೆ ಸುಮಾರು 55 ಬರುತ್ತದೆ. ಅಂದು ಕೊಂಡವನು 55 ವರ್ಷದ ಫಸಲಿನ ಬೆಲೆ ತೆತ್ತ. ಅವನಿಗೆ ವರ್ಷಕ್ಕೆ ಶೇ 8ರ ಪ್ರತಿಫಲ ಬೇಕು ಎನ್ನೋಣ. ಹತ್ತು ವರ್ಷದಲ್ಲಿ 4 ಲಕ್ಷ ಕೋಟಿ, 8.6 ಲಕ್ಷ ಕೋಟಿ ಆಗಬೇಕು. ಆ ಹೊತ್ತಿಗೆ ಓಟ ನಿಧಾನವಾಗಿ, ಜನ ಲಾಭದ 20 ಪಟ್ಟು ಮಾತ್ರ ಕೊಡಲು ಒಪ್ಪುತ್ತಾರೆ ಎಂದಿಟ್ಟುಕೊಂಡರೆ, ವರ್ಷದ ಲಾಭ 43,000 ಕೋಟಿ ಡಾಲರ್ ಇರಬೇಕಾಗುತ್ತದೆ. ಅಂದರೆ ಹೆಚ್ಚುಕಡಿಮೆ ಆರು ಪಟ್ಟು, ಅದೂ ಬರಿಯ ಶೇ 8ಕ್ಕಾಗಿ. ಆಗದು ಎಂದು ನಾನು ಹೇಳುವುದಿಲ್ಲ. ಎರಡು ವರ್ಷದಲ್ಲಿ ಹದಿನಾರು ಪಟ್ಟು ಲಾಭ ಬೆಳೆಸಿದ ಕಂಪನಿ ಅದು, ಆ ಜುಲೈ ನಂತರವೂ ಲಾಭ ಏರಿದೆ. ಆದರೆ ಆ ಬೆಳವಣಿಗೆಯ ಬಹುಪಾಲಿಗೆ ಕೊಳ್ಳುವವನು ಆಗಲೇ ಹಣ ಕಟ್ಟಿರುತ್ತಾನೆ. ಇವತ್ತಿನ ಮೌಲ್ಯ, ಇವತ್ತಿನ ಲಾಭ ಹಾಕಿ ಇದೇ ಲೆಕ್ಕವನ್ನು ನೀವೇ ಮಾಡಿ. ಅಳಿಯನ ಮುಂದೆಯೇ ಮಾಡಿ.

ಚೇಣಿದಾರ ಕೊಳೆಗೆಂದು ಕಳೆಯುವುದನ್ನೂ ಕಳೆಯಬೇಕು. ಇಲ್ಲಿನ ಕೊಳೆ ಯಾವುದು? 2025ರ ಜನವರಿಗೆ ಮುಗಿದ ವರ್ಷದಲ್ಲಿ ವರಮಾನದ ಮೂರನೇ ಒಂದು ಭಾಗ ಬಂದಿದ್ದು ಕೇವಲ ಮೂರು ನೇರ ಗ್ರಾಹಕರಿಂದ. ಈ ಚಿಪ್ಪುಗಳನ್ನು ರಾಶಿ ರಾಶಿ ಕೊಳ್ಳುವ ಗೂಗಲ್, ಅಮೆಜಾನ್‌ನಂಥವರು ತಮ್ಮದೇ ಚಿಪ್ಪುಗಳನ್ನೂ ರೂಪಿಸುತ್ತಿದ್ದಾರೆ. ತಯಾರಿಕೆ ತೈವಾನಿನ ಟಿಎಸ್‌ಎಂಸಿ ಎಂಬ ಕಂಪನಿಯ ಕೈಯಲ್ಲಿದೆ. ಚೀನಾಕ್ಕೆ ಏನು ಮಾರಬಹುದು, ಏನು ಮಾರಬಾರದು ಎಂಬುದನ್ನು ಅಮೆರಿಕ ಸರ್ಕಾರ ತೀರ್ಮಾನಿಸುತ್ತದೆ. 2025ರ ಜನವರಿ 27ರಂದು, ಚೀನಾದ ಡೀಪ್‌ಸೀಕ್ ಕಡಿಮೆ ಖರ್ಚಿನಲ್ಲಿ ಎಐ ಮಾಡಿದೆ ಎಂಬ ಸುದ್ದಿಗೆ ಈ ಷೇರು ಒಂದೇ ದಿನ ಶೇ 17ರಷ್ಟು ಕುಸಿಯಿತು. 2021ರ ನವೆಂಬರ್‌ನಿಂದ 2022ರ ಅಕ್ಟೋಬರ್‌ವರೆಗೆ ಮೂರರಲ್ಲಿ ಎರಡು ಪಾಲು ಬೆಲೆ ಕರಗಿತ್ತು. ಆಮೇಲೆ ಎಲ್ಲವೂ ಎದ್ದುಬಂತು, ನಿಜ. ಆದರೆ ಆ ಹನ್ನೊಂದು ತಿಂಗಳ ನಡುವೆ ಮದುವೆಯ ಛತ್ರಕ್ಕೆ ಮುಂಗಡ ಕಟ್ಟಬೇಕಾಗಿದ್ದವರ ಗತಿ ಏನು?

"ಮುಳುಗುವುದುಂಟೇ" ಎಂಬ ಪ್ರಶ್ನೆಗೆ ಸಿಸ್ಕೊ ಕಂಪನಿಯ ಕತೆ ಹೇಳಲೇಬೇಕು. ಇಂಟರ್ನೆಟ್ ಹೊಸದಾಗಿ ಹಬ್ಬುತ್ತಿದ್ದಾಗ ಅದರ ದತ್ತಾಂಶವನ್ನು ದಾರಿ ಹಿಡಿಸುವ ಯಂತ್ರಗಳಿಗೆ ಎಲ್ಲರೂ ಸಿಸ್ಕೊ ಬಾಗಿಲಿಗೇ ಹೋಗುತ್ತಿದ್ದರು. ಯಾವ ಡಾಟ್‌ಕಾಂ ಗೆದ್ದರೂ ಸೋತರೂ ಇವರ ಯಂತ್ರ ಬೇಕೇ ಬೇಕು ಎಂದು ಆಗ ಹೇಳುತ್ತಿದ್ದರು. ಇವತ್ತು ಎನ್‌ವಿಡಿಯಾ ಬಗ್ಗೆ ಅದೇ ಮಾತು ಕೇಳುತ್ತಿದ್ದೇನೆ. 2000ದ ಮಾರ್ಚ್‌ನಲ್ಲಿ ಸಿಸ್ಕೊ ಜಗತ್ತಿನ ಅತಿ ಬೆಲೆಬಾಳುವ ಕಂಪನಿಯಾಯಿತು. ಷೇರಿಗೆ 80 ಡಾಲರ್, ಒಟ್ಟು ಮೌಲ್ಯ 50,000 ಕೋಟಿ ಡಾಲರ್‌ಗೂ ಮೇಲೆ. ಆ ವರ್ಷದ ಲಾಭ 267 ಕೋಟಿ ಡಾಲರ್. 2002ರ ಅಕ್ಟೋಬರ್‌ನಲ್ಲಿ ಷೇರು 9 ಡಾಲರ್‌ಗಿಂತ ಕೆಳಗಿತ್ತು. ಕಂಪನಿ ಮುಳುಗಲಿಲ್ಲ. ಮುಂದೆ ವರಮಾನ ಮೂರು ಪಟ್ಟಾಯಿತು, ಲಾಭ ಸುಮಾರು ನಾಲ್ಕು ಪಟ್ಟಾಯಿತು. ಆದರೂ ಆ 80 ಡಾಲರ್ ಬೆಲೆಯನ್ನು ಮತ್ತೆ ದಾಟಲು 2025ರ ಡಿಸೆಂಬರ್ ಬರಬೇಕಾಯಿತು. ಇಪ್ಪತ್ತೈದು ವರ್ಷ ಮೇಷ್ಟ್ರೇ. ಎನ್‌ವಿಡಿಯಾದ 55 ಪಟ್ಟಿಗೂ ಅಂದಿನ ಸಿಸ್ಕೊದ 180ಕ್ಕೂ ಹೆಚ್ಚಿನ ಪಟ್ಟಿಗೂ ಅಜಗಜಾಂತರವಿದೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಕಂಪನಿ ಬೆಳೆಯುತ್ತಲೇ ಇದ್ದು ಷೇರುದಾರ ನಿಂತಲ್ಲೇ ನಿಲ್ಲಬಹುದು ಎಂಬುದನ್ನು ತೋರಿಸಲಷ್ಟೇ ಇದನ್ನು ಹೇಳಿದೆ.

ಇದರ ರುಚಿ ನಾನೂ ಕಂಡಿದ್ದೇನೆ. ಅದೇ 2000ದ ಫೆಬ್ರುವರಿಯಲ್ಲಿ ಭವಿಷ್ಯ ನಿಧಿಯಿಂದ ಮುಂಗಡ ತೆಗೆದು ಒಂದು ಸಾಫ್ಟ್‌ವೇರ್ ಕಂಪನಿಯ ಷೇರು ಕೊಂಡೆ. ಕಂಪನಿ ಒಳ್ಳೆಯದೇ, ಇಂದಿಗೂ ನಡೆಯುತ್ತಿದೆ. ವರ್ಷ ತುಂಬುವಷ್ಟರಲ್ಲಿ ಹಣ ಕಾಲು ಭಾಗಕ್ಕೆ ಬಂತು. ಅದೇ ಸಮಯಕ್ಕೆ ತಾಯಿಯ ಶಸ್ತ್ರಚಿಕಿತ್ಸೆ. ದಲ್ಲಾಳಿ ಕಚೇರಿಯ ಮರದ ಬೆಂಚಿನ ಮೇಲೆ ಕುಳಿತು, ಮಾರಾಟದ ಚೀಟಿಯಲ್ಲಿದ್ದ ಮೊತ್ತವನ್ನು ಮೂರು ಸಲ ಓದಿದ್ದು ನೆನಪಿದೆ. ಕಾಯಲು ಆಗುವಂಥ ಹಣವಾಗಿದ್ದರೆ ಅಂದು ನಾನು ಅಲ್ಲಿ ಕುಳಿತಿರುತ್ತಿರಲಿಲ್ಲ.

ಇನ್ಫೊಸಿಸ್ ಕೊರಗನ್ನು ದಯವಿಟ್ಟು ಬಿಟ್ಟುಬಿಡಿ. 1993ರಲ್ಲಿ 95 ರೂಪಾಯಿಗೆ ಕೊಡುತ್ತೇವೆಂದರೂ ಆ ಷೇರುಗಳನ್ನು ಪೂರ್ತಿಯಾಗಿ ಕೊಳ್ಳಲು ಜನ ಮುಂದೆ ಬಂದಿರಲಿಲ್ಲ. ಅಂದು 100 ಷೇರು ಕೊಂಡು ಮಾರದೆ ಇಟ್ಟುಕೊಂಡವರ ಬಳಿ, ಬೋನಸ್ (ಕಂಪನಿ ಉಚಿತವಾಗಿ ಕೊಡುವ ಷೇರು) ಮತ್ತು ವಿಭಜನೆಗಳ (ಒಂದು ಷೇರನ್ನು ಹಲವಾಗಿ ಒಡೆಯುವುದು) ನಂತರ, 1,02,400 ಷೇರು ಇವೆ. ಆದರೆ ಅವರು ಕೊಂಡಿದ್ದು ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಣ್ಣ ಕಂಪನಿಯನ್ನು. 4 ಲಕ್ಷ ಕೋಟಿ ಡಾಲರ್ ಕಂಪನಿ ಹತ್ತು ಪಟ್ಟಾಗಬೇಕಾದರೆ 40 ಲಕ್ಷ ಕೋಟಿ ಆಗಬೇಕು. ಅಮೆರಿಕ ದೇಶದ ಇಡೀ ವರ್ಷದ ಉತ್ಪನ್ನವೇ ಸುಮಾರು 30 ಲಕ್ಷ ಕೋಟಿ ಡಾಲರ್. ಎನ್‌ವಿಡಿಯಾ ಈಗ ಸಸಿಯಲ್ಲ, ಬೆಳೆದು ನಿಂತ ಮರ.

ಹಾಗಾದರೆ ಏನು ಮಾಡಬೇಕು? ಮದುವೆಯ ಖರ್ಚಿಗೆ ಬೇಕಾದಷ್ಟನ್ನು ಮತ್ತೆ ಬ್ಯಾಂಕ್ ಠೇವಣಿಯಲ್ಲೇ ಇಡಿ. ಉಳಿದದ್ದರಲ್ಲಿ ನಿಯತ ಆದಾಯ ಬೇಕಿದ್ದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಎನ್‌ವಿಡಿಯಾ 2025ರಲ್ಲಿ ಕೊಟ್ಟ ಲಾಭಾಂಶ ಷೇರಿಗೆ ವರ್ಷಕ್ಕೆ 4 ಸೆಂಟ್. ನೂರು ಷೇರು ಇದ್ದರೆ 4 ಡಾಲರ್, ಅದರಲ್ಲೂ ಶೇ 25 ತೆರಿಗೆಯೆಂದು ಅಲ್ಲಿಯೇ ಮುರಿದುಕೊಳ್ಳುತ್ತಾರೆ.

ಇಷ್ಟಾದ ಮೇಲೂ ಆಸೆ ಉಳಿದಿದ್ದರೆ, ಅದು ತಪ್ಪಲ್ಲ. 50 ಸಾವಿರ ರೂಪಾಯಿ ತೆಗೆದಿಡಿ, ಮೂರು ನಾಲ್ಕು ಕಂತಿನಲ್ಲಿ ಕೊಳ್ಳಿ, ಹತ್ತು ವರ್ಷ ಮುಟ್ಟಬೇಡಿ. ಅರ್ಧವಾದರೂ ನಿಮ್ಮ ಊಟ, ಔಷಧಿ, ಮಗಳ ಮದುವೆ ಯಾವುದೂ ನಿಲ್ಲಬಾರದು, ಅಷ್ಟೇ ನನ್ನ ಅಳತೆ. ವಿದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ ಅನುಮತಿಸಿರುವ ಮಿತಿ ವರ್ಷಕ್ಕೆ 2.5 ಲಕ್ಷ ಡಾಲರ್, ನಿಮಗೆ ಅದರ ಚಿಂತೆ ಇಲ್ಲ. ಚಿಂತೆ ಇರುವುದು ತೆರಿಗೆ ವಿವರದಲ್ಲಿ. ಒಂದೇ ಒಂದು ವಿದೇಶಿ ಷೇರು ಇದ್ದರೂ ಪಿಂಚಣಿದಾರರು ಸಾಮಾನ್ಯವಾಗಿ ತುಂಬುವ ಐಟಿಆರ್-1 ಎಂಬ ಸರಳ ನಮೂನೆ ನಡೆಯುವುದಿಲ್ಲ. ವಿದೇಶಿ ಆಸ್ತಿಯ ಪಟ್ಟಿ ಇರುವ ನಮೂನೆಯನ್ನೇ ಸಲ್ಲಿಸಬೇಕು. ಕೊಳ್ಳುವ ಮೊದಲೇ ನಿಮ್ಮ ಲೆಕ್ಕಪರಿಶೋಧಕರಿಗೆ ಒಂದು ಮಾತು ಹೇಳಿಡಿ.