ಬೊಳ್ಳಮ್ಮನ ಕತೆ ತಿತಿಮತಿಯಿಂದ ಶುರುವಾಗಲಿ

ಪ್ರೀತಿಯ ಲೇಖಕಿಗೆ,

ನಮಸ್ಕಾರ. ಪೊನ್ನಂಪೇಟೆಯಿಂದ ನೀವು ಕಳುಹಿಸಿದ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳುಹಿಸಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈ ಪತ್ರವನ್ನು ಬೇರೆಯವರೂ ಓದುತ್ತಾರೆ, ಹಾಗಾಗಿ ಕತೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಬೊಳ್ಳಮ್ಮ, ನಾಣಯ್ಯ ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಅತ್ತೆ ಚುಚ್ಚಿ ಮಾತಾಡುತ್ತಾರೆ. ಬೊಳ್ಳಮ್ಮ ಅಳುತ್ತಾಳೆ. ಮೈಸೂರಿನ ಚಿಕಿತ್ಸೆ ಫಲ ಕೊಡುವುದಿಲ್ಲ. ಕುಕ್ಕೆಗೆ ಹೋಗುತ್ತಾರೆ, ತಲಕಾವೇರಿಯಲ್ಲಿ ಹರಕೆ ಹೊರುತ್ತಾರೆ. ಕೊನೆಯ ಪುಟದಲ್ಲಿ ಅಂಗಳದಲ್ಲಿ ಕೋವಿಯ ಗುಂಡು ಹಾರುತ್ತದೆ. ಗಂಡು ಮಗು ಹುಟ್ಟಿದೆ.

ಆ ಗುಂಡನ್ನು ತೆಗೆಯಿರಿ. ಗಂಡು ಹುಟ್ಟಿದರೆ ಗುಂಡು ಹಾರಿಸುವುದು ಕೊಡವರ ಹಳೆಯ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಆದರೆ ಮಗು ಹುಟ್ಟಿದ ಕೂಡಲೇ ಬೊಳ್ಳಮ್ಮ ಪಟ್ಟ ಪಾಡಿಗೆಲ್ಲ ಬಹುಮಾನ ಸಿಕ್ಕಿದಂತಾಗುತ್ತದೆ. ಇದನ್ನು ಓದುವವರಲ್ಲಿ ಮಗುವಾಗದ, ಇನ್ನು ಆಗುವುದೂ ಇಲ್ಲದ ಹೆಂಗಸರಿದ್ದಾರೆ. ಅವರಿಗೆ ಈ ಕೊನೆ ಏನು ಹೇಳುತ್ತದೆ? ನಿಮ್ಮ ಹರಕೆ ಸಾಲಲಿಲ್ಲ ಅಂತಲಾ?

ಈಗ ಒಂಬತ್ತನೇ ಪುಟಕ್ಕೆ ಬನ್ನಿ. ನೀವು ಬರೆದದ್ದು ಇದು: 'ಮೈಸೂರಿನಿಂದ ವಾಪಸ್ ಬರುವಾಗ ಹುಣಸೂರು ದಾಟಿದರೂ ಇಬ್ಬರೂ ಮಾತಾಡಲಿಲ್ಲ. ನಾಣಯ್ಯ ರಿಪೋರ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದ. ತಿತಿಮತಿಯಲ್ಲಿ ಜೀಪು ನಿಲ್ಲಿಸಿ ಕಿತ್ತಳೆ ಕೊಂಡ. ಬೊಳ್ಳಮ್ಮ ಸಿಪ್ಪೆ ಸುಲಿದು ಒಂದೊಂದೇ ತೊಳೆ ಅವನ ಕೈಗಿಟ್ಟಳು.'

ಇಲ್ಲಿ ಯಾರೂ ಅಳುವುದಿಲ್ಲ. ಆದರೂ ನನಗೆ ಮುಂದೆ ಓದಲಾಗದೆ ಸ್ವಲ್ಪ ಹೊತ್ತು ಹಾಳೆ ಕೆಳಗಿಟ್ಟೆ. ನೀವು ಮಾತ್ರ ಮುಂದಿನ ಸಾಲಿನಲ್ಲೇ ಅತ್ತೆಯ ಬೈಗುಳಕ್ಕೆ ಓಡಿಬಿಟ್ಟಿರಿ. ಆ ರಿಪೋರ್ಟಿನಲ್ಲಿ ಏನಿತ್ತು? ಕತೆ ಮುಗಿದರೂ ಗೊತ್ತಾಗುವುದಿಲ್ಲ. ಅದು ನಾಣಯ್ಯನದೇ ರಿಪೋರ್ಟು ಅಂತ ನನಗೆ ಅನ್ನಿಸಿತು. ನಿಮಗೂ ಗೊತ್ತಿತ್ತು, ಬರೆಯಲು ಹೆದರಿದಿರಿ, ಅಲ್ವಾ?

ಹೆದರಬೇಡಿ. ಮಗುವಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ, ಅದೊಂದೇ ಆಗಿರಬಹುದು ಅಥವಾ ಹೆಂಗಸಿನ ತೊಂದರೆಯ ಜೊತೆಗಿರಬಹುದು. ವೀರ್ಯ ಪರೀಕ್ಷೆಗೆ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಒಂದು ಸ್ಯಾಂಪಲ್ ಕೊಟ್ಟರೆ ಆಯಿತು. ನಿಮ್ಮ ಕತೆಯಲ್ಲಿ ಬೊಳ್ಳಮ್ಮನಿಗೆ ಆರು ವರ್ಷ ಮಾತ್ರೆ, ಸ್ಕ್ಯಾನು, ಗರ್ಭನಾಳಕ್ಕೆ ಡೈ ಹಾಕಿ ತೆಗೆಯುವ ಎಕ್ಸ್‌ರೇ ಎಲ್ಲ ಆದ ಮೇಲೆ ಏಳನೇ ವರ್ಷ ನಾಣಯ್ಯನ ಸರದಿ ಬರುತ್ತದೆ. ಹೀಗೆ ನಡೆಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ, ನಡೆಯುತ್ತದೆ. ಆದರೆ ಅದು ಆಗಬೇಕಾದ ರೀತಿಯೇ ಎಂಬಂತೆ ದಾಟಿಸಿದ್ದೀರಿ. ಒಂದು ವರ್ಷ ಪ್ರಯತ್ನಿಸಿಯೂ ಬಸಿರಾಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು, ಹೆಂಗಸಿಗೆ 35 ದಾಟಿದ್ದರೆ ಆರೇ ತಿಂಗಳಿಗೆ. ಇಬ್ಬರೂ ಒಟ್ಟಿಗೆ ಹೋಗಬೇಕು. ಬೊಳ್ಳಮ್ಮನ ಆರು ವರ್ಷ ಎಲ್ಲಿ ಹೋಯಿತು, ಯಾರು ಅದನ್ನು ಕೇಳಲೇ ಇಲ್ಲ? ಓದುವವರಿಗೆ ಸಿಟ್ಟು ಬರಬೇಕಾದದ್ದು ಇಲ್ಲಿ.

ಆಮೇಲೆ ಪುತ್ತರಿ, ಕೊಡವರ ಸುಗ್ಗಿ ಹಬ್ಬ. ನೀವೇ ಬರೆದ ಪ್ರಕಾರ ಮೈಸೂರಿನಿಂದ ಬಂದು ನಾಲ್ಕು ದಿನಕ್ಕೆ ಪುತ್ತರಿ. ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಒಕ್ಕದವರೆಲ್ಲ (ಮನೆತನದವರೆಲ್ಲ) ಸೇರಿದ್ದಾರೆ. ಬೆಂಗಳೂರಿನಿಂದ ಬಂದ ನೆಂಟರು ಬೊಳ್ಳಮ್ಮನ ಹೊಟ್ಟೆಯ ಕಡೆ ನೋಡಿ 'ಎಂತ, ವಿಶೇಷ ಉಂಟಾ?' ಎಂದು ಕೇಳುತ್ತಾರೆ. ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಎಲ್ಲರೂ 'ಪೊಲಿ ಪೊಲಿ ದೇವಾ' ಎಂದು ಕೂಗುತ್ತಾರೆ. ಹೆಚ್ಚಲಿ, ತುಂಬಲಿ ಎಂಬ ಕೂಗು ಅದು. ಆಗ ಅವಳು ಎಲ್ಲಿ ನಿಂತಿದ್ದಳು? ಬಾಯಿ ತೆರೆದು ಕೂಗಿದಳಾ? ನಾಣಯ್ಯ ಕೂಗಿದನಾ? 'ವಿಶೇಷ ಉಂಟಾ' ಎಂದವರಿಗೆ ನಿಜವಾದ ಉತ್ತರ ಗೊತ್ತಿರುವುದು ಆ ಇಬ್ಬರಿಗೆ ಮಾತ್ರ. ಅವನು ಸುಮ್ಮನಿದ್ದ, ಅವಳು ಅವನಿಗಾಗಿ ಮಾತು ಕೇಳಿಸಿಕೊಂಡಳು. ಒಂದು ವರ್ಷ ಅದನ್ನು ಪ್ರೀತಿಯಿಂದಲೇ ಮಾಡಿರಬಹುದು. ಎರಡನೇ ವರ್ಷವೂ ಅವನು ಬಾಯಿ ಬಿಡದಿದ್ದರೆ? ಈ ಮದುವೆ ಎಲ್ಲಿ ಬಿರುಕು ಬಿಡುತ್ತದೆ ಎಂದು ನೀವು ಹುಡುಕಬೇಕಾದದ್ದು ಅಲ್ಲಿ.

ಹಾಗಾಗಿ ಅತ್ತೆಯನ್ನು ಅಷ್ಟು ಕೆಟ್ಟವರನ್ನಾಗಿ ಮಾಡುವ ಅಗತ್ಯವೇ ಇಲ್ಲ. ನನ್ನ ಅತ್ತಿಗೆಗೆ ಮಕ್ಕಳಾಗಲಿಲ್ಲ. ಅವರಿಗೆ ಯಾರೂ ಒಂದು ಮಾತು ಅಂದದ್ದು ನಾನು ಕೇಳಿಲ್ಲ. ಆದರೂ ಸೀಮಂತದ ಮನೆಗೆ ಹೋದರೆ ಅವರು ನೇರ ಅಡಿಗೆಮನೆಗೆ ನಡೆಯುತ್ತಿದ್ದರು, ಊಟದ ಹೊತ್ತಿನವರೆಗೆ ಹೊರಗೆ ಬರುತ್ತಿರಲಿಲ್ಲ. ಕರೆಯಬೇಕಿತ್ತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಒಳ್ಳೆಯವರ ನಡುವೆಯೂ ಇದು ಹೀಗೇ ನೋಯಿಸುತ್ತದೆ.

'ಐವಿಎಫ್ ಮಾಡಿಸಿದರು, ಅದೂ ಸೋತಿತು' ಎಂದು ಒಂದೇ ಸಾಲು ಬರೆದಿದ್ದೀರಿ. ಐವಿಎಫ್ ಅಂದರೆ ದೇಹದ ಹೊರಗೆ ಅಂಡ, ವೀರ್ಯ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ. ಸುಮಾರು ಹತ್ತು ಹನ್ನೆರಡು ದಿನ ದಿನಾ ಇಂಜೆಕ್ಷನ್, ನಡುನಡುವೆ ಸ್ಕ್ಯಾನು, ಅಂಡ ತೆಗೆಯುವುದು, ಭ್ರೂಣ ಒಳಗೆ ಬಿಡುವುದು, ಮತ್ತೆ ರಕ್ತ ಪರೀಕ್ಷೆಗೆ ಹೆಚ್ಚುಕಡಿಮೆ ಎರಡು ವಾರ ಕಾಯುವುದು. ರೈಲೇ ಇಲ್ಲದ ಜಿಲ್ಲೆಯಿಂದ ಪ್ರತಿ ಸಲ ಬಸ್ಸಿನಲ್ಲೋ ಜೀಪಿನಲ್ಲೋ ಮೈಸೂರು. ಆ ಎರಡು ವಾರ ಬಚ್ಚಲಿಗೆ ಹೋಗುವಾಗೆಲ್ಲ ಅವಳ ಎದೆ ಹೊಡೆದುಕೊಳ್ಳುತ್ತದೆ. ತನಗೆ ಆಸೆ ಹುಟ್ಟಿದೆ ಎಂದು ಗಂಡನಿಗೂ ತೋರಿಸಿಕೊಳ್ಳುವುದಿಲ್ಲ. ಇದಕ್ಕೆ ಎರಡು ಪುಟ ಕೊಡಿ. ಬೇಕಾದರೆ ಅಳುವ ಪುಟಗಳನ್ನು ಕಡಿಮೆ ಮಾಡಿ.

'ಬರಡು ನೆಲ' ಎಂಬ ಮಾತು ಐದು ಕಡೆ ಇದೆ. ಐದನ್ನೂ ಹೊಡೆದುಹಾಕಿ. ಹೂ ಅರಳಿಸುವ ಹೂಮಳೆ ಬಾರದ ಕಾಫಿ ಗಿಡಕ್ಕೂ ಅವಳನ್ನು ಹೋಲಿಸಬೇಡಿ. ತೋಟವನ್ನು ತೋಟವಾಗಿಯೇ ತನ್ನಿ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಓಡುವಾಗ ರಾತ್ರಿಯೆಲ್ಲ ಪೈಪು ಬದಲಾಯಿಸಬೇಕು. ಡಾಕ್ಟರು 'ಇವತ್ತು, ನಾಳೆ ತಪ್ಪಿಸಬೇಡಿ' ಎಂದದ್ದೂ ಅದೇ ರಾತ್ರಿ. ಅವನು ಒದ್ದೆ ಬಟ್ಟೆಯಲ್ಲಿ ಎರಡು ಗಂಟೆಗೆ ಮನೆಗೆ ಬರುತ್ತಾನೆ, ಅವಳು ಎದ್ದು ಕೂತಿರುತ್ತಾಳೆ. ಹಾಸಿಗೆಯೂ ಒಂದು ಕೆಲಸವಾದಾಗ ಇಬ್ಬರ ನಡುವೆ ಏನು ಉಳಿಯುತ್ತದೆ ಎಂದು ಬರೆಯಿರಿ. ಇದನ್ನು ಬರೆಯಲು ನಾಚಿಕೆಪಡಬೇಕಾಗಿಲ್ಲ.

ತಲಕಾವೇರಿಯ ಭಾಗ ಇಟ್ಟುಕೊಳ್ಳಿ, ಹರಕೆಗಾಗಿ ಅಲ್ಲ. ಮಕ್ಕಳಿಲ್ಲದ ಕವೇರ ಮುನಿ ತಪಸ್ಸು ಮಾಡಿದಾಗ ಬ್ರಹ್ಮ ಲೋಪಾಮುದ್ರೆಯನ್ನು ಮಗಳಾಗಿ ಕೊಟ್ಟ, ಅವಳೇ ಕಾವೇರಿಯಾದಳು. ಬೊಳ್ಳಮ್ಮ ಇದನ್ನು ಚಿಕ್ಕಂದಿನಿಂದ ಕೇಳಿರುತ್ತಾಳೆ. ನಿಮ್ಮ ಕತೆಯಲ್ಲಿ ದತ್ತು ತೆಗೆದುಕೊಳ್ಳುವ ಮಾತು ಬಂದಾಗ ಅತ್ತೆ 'ಬೇರೆ ರಕ್ತ' ಎನ್ನುತ್ತಾರೆ. ಅದೇ ಅತ್ತೆ ತುಲಾ ಸಂಕ್ರಮಣದ ದಿನ, ಕಾವೇರಿ ಹುಟ್ಟುವ ಪುಟ್ಟ ಕೊಳವಾದ ಕುಂಡಿಕೆಯ ಎದುರು ಕೈಮುಗಿದು ನಿಂತಿರುತ್ತಾರೆ. ಪಕ್ಕದಲ್ಲಿ ಬೊಳ್ಳಮ್ಮ ನಿಂತಿದ್ದಾಳೆ. ಅವಳು ಬಾಯಿಬಿಟ್ಟು ಏನೂ ಹೇಳದಿದ್ದರೂ ನಡೆಯುತ್ತದೆ.

ಇನ್ನೊಂದು ಸಣ್ಣ ವಿಷಯ. ಮನೆಯೊಳಗೆ ಇವರು ಆಡುವುದು ಕೊಡವ ತಕ್ಕ್, ಕೊಡವರ ಭಾಷೆ. ಮಾತುಗಳನ್ನು ಕನ್ನಡದಲ್ಲೇ ಬರೆಯಿರಿ, ಆದರೆ ಬೊಳ್ಳಮ್ಮ ಅತ್ತೆಯನ್ನು 'ಮಾವಿ' ಎಂದೇ ಕರೆಯಲಿ. 'ಬಂಜೆ' ಎಂಬ ಪದ ಯಾರದೋ ಬಾಯಲ್ಲಿ ಬಂದರೆ ಬರಲಿ, ಕತೆ ಹೇಳುವ ನೀವು ಮಾತ್ರ ಅದನ್ನು ಬಳಸಬೇಡಿ.

ತಿತಿಮತಿಯ ಜೀಪಿನಿಂದ ಶುರುಮಾಡಿ, ಪುತ್ತರಿಯ ರಾತ್ರಿಗೆ ಬನ್ನಿ. ಹಿಂದಿನ ವರ್ಷಗಳು ನಡುವೆ ಎಲ್ಲಿ ಬೇಕೋ ಅಲ್ಲಿ ಬರುತ್ತವೆ. ಕಾಫಿ ಕೊಯ್ಲು ಮುಗಿಯುವವರೆಗೆ ನಿಮಗೆ ಬಿಡುವಿರುವುದಿಲ್ಲ ಎಂದು ಪತ್ರದಲ್ಲಿ ಬರೆದಿದ್ದೀರಿ. ಅವಸರವಿಲ್ಲ, ಏಪ್ರಿಲ್‌ನಲ್ಲಿ ಕಳುಹಿಸಿ. ಟೈಪ್ ಮಾಡಿಸಲು ದುಡ್ಡು ಕೊಡಬೇಡಿ, ನಿಮ್ಮ ಕೈಬರಹ ಚೆನ್ನಾಗಿ ಓದಲು ಬರುತ್ತದೆ.

ವಿಶ್ವಾಸದಿಂದ,
ಸಂಪಾದಕಿ